ಒಳಗಿದ್ದರೆ ಬುದ್ಧಿ ಬರುತ್ತದೆಯೇ?



"ಸಿಸ್ಟರ್, ಜಾಮೀನು ಬೇಡ. ಒಂದು ತಿಂಗಳು ಒಳಗೇ ಇರಲಿ ಬಿಡಿ. ಹೊತ್ತಿಗೆ ಸರಿಯಾಗಿ ಊಟ ಸಿಗುತ್ತೆ, ಕೆಟ್ಟ ಸಹವಾಸ ತಪ್ಪುತ್ತೆ, ಸ್ವಲ್ಪ ಬುದ್ಧೀನೂ ಬರುತ್ತೆ."

ಬಾಲನ್ಯಾಯ ಮಂಡಳಿಯ ಹೊರಗಿನ ಬೆಂಚಿನ ಮೇಲೆ ಕುಳಿತು ಒಬ್ಬ ತಾಯಿ ನನಗೆ ಹೇಳಿದ ಮಾತು ಇದು. ಮೈಸೂರು ಮೈನ್ಸ್ ಕಡೆಯ ಲೈನ್ ಮನೆಯವರು. ಕತ್ತಲಿರುವಾಗಲೇ ಎದ್ದು ಅಡುಗೆ ಮಾಡಿಟ್ಟು, ರೈಲು ಹಿಡಿದು ಬೆಂಗಳೂರಿಗೆ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗಿ, ರಾತ್ರಿ ಮನೆ ಸೇರುವವರು. ಹದಿನೈದು ವರ್ಷದ ಮಗ ಶಾಲೆ ಬಿಟ್ಟಿದ್ದ. ತನಗಿಂತ ದೊಡ್ಡ ಹುಡುಗರ ಜೊತೆ ಸೇರಿ ಹಳೆ ಕಬ್ಬಿಣ ಕದ್ದು ಸಿಕ್ಕಿಬಿದ್ದಿದ್ದ. ಈ ತಾಯಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತ ಯಾರೂ ಅಂದುಕೊಳ್ಳಬಾರದು. ತಾನು ಇಲ್ಲದ ಹದಿನಾಲ್ಕು ಗಂಟೆ ಅವನನ್ನು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ಆಕೆ ಹುಡುಕುತ್ತಿದ್ದರು. ಇದೇ ಮಾತನ್ನು ಬೇರೆ ತಂದೆತಾಯಿಗಳಿಂದಲೂ, ಶಿಕ್ಷಕರಿಂದಲೂ, ನಮ್ಮ ಧರ್ಮಕೇಂದ್ರದ ಹಿರಿಯರಿಂದಲೂ ನಾನು ಕೇಳಿದ್ದೇನೆ. ಆದ್ದರಿಂದ ಒಳಗೆ ಏನಾಗುತ್ತದೆ, ಒಬ್ಬ ಹುಡುಗನ ನಡವಳಿಕೆ ಅಲ್ಲಿ ಯಾಕೆ ಬದಲಾಗುತ್ತದೆ ಎನ್ನುವುದನ್ನು ಬಿಡಿಸಿ ಹೇಳಬೇಕೆನಿಸಿತು. (ಇಂಥ ಮಕ್ಕಳ ಗುರುತು ಹೊರಗೆ ಹಾಕುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆದ್ದರಿಂದ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನಮ್ಮ ಊರಿನ ಹುಡುಗರು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನಿಂತುಹೋದದ್ದು ಸಂಬಳ ಮಾತ್ರವಲ್ಲ. ಗಣಿ ನಡೆಯುತ್ತಿದ್ದಾಗ ಮನೆಗೆ ಒಂದು ಹೊತ್ತುಗೊತ್ತು ಇತ್ತು. ಶಿಫ್ಟ್ ಮುಗಿದರೆ ಅಪ್ಪ ಮನೆಯಲ್ಲಿ ಇರುತ್ತಿದ್ದರು. ಲೈನ್‌ನಲ್ಲಿ ಯಾರ ಮಗ ಎಲ್ಲಿ ಓಡಾಡುತ್ತಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಈಗ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ ನಿಲ್ದಾಣಗಳಿಂದ ದಿನವೂ ಸಾವಿರಾರು ಜನ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹಗಲು ಹೊತ್ತಿನಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿ ಮತ್ತು ಮೊಬೈಲ್ ಮಾತ್ರ. ಈ ಹುಡುಗರಲ್ಲಿ ಹೆಚ್ಚಿನವರು ಯಾವ ತಪ್ಪೂ ಮಾಡುವುದಿಲ್ಲ. ಕೆಲವರು ಜಾರುತ್ತಾರೆ. ಜಾರಿದವರಿಗೆ ಮುಂದೆ ಏನಾಗುತ್ತದೆ ಎನ್ನುವುದು, ಜಾರಿದ ಮೇಲೆ ಅವರು ಯಾರ ಮಧ್ಯೆ ದಿನ ಕಳೆಯುತ್ತಾರೆ ಎಂಬುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ.

ಕಾನೂನು ಏನು ಹೇಳುತ್ತದೆ?

ಮಕ್ಕಳನ್ನು ದೊಡ್ಡವರ ಜೈಲಿನಲ್ಲಿ ಇಡಬಾರದು ಎಂಬ ತಿಳಿವಳಿಕೆ ಬರಲು ನಮ್ಮ ದೇಶಕ್ಕೆ ಬಹಳ ಕಾಲ ಬೇಕಾಯಿತು. 1897ರ ಸುಧಾರಣಾ ಶಾಲೆಗಳ ಕಾಯ್ದೆ, 1920ರ ಮದ್ರಾಸ್ ಮಕ್ಕಳ ಕಾಯ್ದೆ, ನಮ್ಮ ರಾಜ್ಯದ 1964ರ ಮಕ್ಕಳ ಕಾಯ್ದೆ, ಜಮ್ಮು-ಕಾಶ್ಮೀರ ಬಿಟ್ಟು ಉಳಿದ ದೇಶಕ್ಕೆ ಅನ್ವಯವಾದ 1986ರ ಬಾಲನ್ಯಾಯ ಕಾಯ್ದೆ, ಹೀಗೆ ಒಂದೊಂದೇ ಹೆಜ್ಜೆ. 1986ರ ಕಾಯ್ದೆಯಲ್ಲಿ ಹುಡುಗರ ವಯೋಮಿತಿ 16 ಆಗಿತ್ತು. 2000ದ ಕಾಯ್ದೆ ಅದನ್ನು ಹುಡುಗಿಯರಂತೆ ಹುಡುಗರಿಗೂ 18ಕ್ಕೆ ಏರಿಸಿತು. ಈಗ ಇರುವುದು 2015ರ ಕಾಯ್ದೆ. ಅದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅತಿ ಘೋರ ಅಪರಾಧಗಳಲ್ಲಿ 16 ದಾಟಿದವರಿಗೆ ಬೇರೆ ವಿಚಾರಣಾ ಕ್ರಮ ಇದರಲ್ಲಿ ಇದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಬರುವ ಕಳ್ಳತನ, ಹೊಡೆದಾಟದಂಥ ಪ್ರಕರಣಗಳಿಗೆ ಅದು ಅನ್ವಯಿಸುವುದಿಲ್ಲ.

ಸಿಕ್ಕಿಬಿದ್ದ ಮಗುವನ್ನು ಲಾಕಪ್‌ನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ವಿಚಾರಣೆ ಮುಗಿಯುವ ತನಕ ಮಗುವನ್ನು ಇಡುವ ಜಾಗವೇ ವೀಕ್ಷಣಾಲಯ. ತಪ್ಪು ಮಾಡಿದ್ದಾನೆ ಎಂದು ತೀರ್ಮಾನವಾದ ಮೇಲೆ, ಬೇರೆ ದಾರಿಯೇ ಇಲ್ಲದಿದ್ದರೆ, ವಿಶೇಷ ಗೃಹಕ್ಕೆ ಕಳುಹಿಸಬಹುದು. ಅದೂ ಹೆಚ್ಚೆಂದರೆ ಮೂರು ವರ್ಷ.

ಕಾಯ್ದೆಯ 3ನೇ ಕಲಂನಲ್ಲಿ ಒಂದು ತತ್ವ ಇದೆ: ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ಉಪಾಯವಾಗಬೇಕು. 12ನೇ ಕಲಂ ಪ್ರಕಾರ ಜಾಮೀನು ಕೊಡುವುದೇ ನಿಯಮ. ಹೊರಗೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಾಗುತ್ತದೆ, ಅಥವಾ ನ್ಯಾಯದ ಉದ್ದೇಶ ಕೆಡುತ್ತದೆ ಎಂದು ಕಂಡಾಗ ಮಾತ್ರ ನಿರಾಕರಿಸಬಹುದು. "ಬುದ್ಧಿ ಬರಲಿ" ಅನ್ನುವ ಕಾರಣ ಕಾನೂನಿನಲ್ಲಿ ಎಲ್ಲೂ ಇಲ್ಲ. ಯಾಕೆ ಇಲ್ಲ ಎಂಬುದು ಒಳಗಿನ ದಿನಚರಿಯನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಮೂರು ವಾರದಲ್ಲಿ ಕಂಡದ್ದು

ಆ ತಾಯಿ ಜಾಮೀನಿಗೆ ಒಪ್ಪಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ನಾನು ಹುಡುಗನನ್ನು ಮೂರು ಸಲ ನೋಡಿದೆ.

ಮೊದಲ ಸಲ ಅವನು ಅತ್ತ. ಅಮ್ಮ ಯಾವಾಗ ಬರುತ್ತಾರೆ ಅಂತ ಮತ್ತೆ ಮತ್ತೆ ಕೇಳಿದ. ಎರಡನೇ ವಾರ ಅಳಲಿಲ್ಲ. ಉತ್ತರ ಕೊಡುವ ಮೊದಲು ಬಾಗಿಲ ಹತ್ತಿರ ನಿಂತಿದ್ದ ದೊಡ್ಡ ಹುಡುಗನ ಮುಖ ನೋಡುತ್ತಿದ್ದ. ನಾನು ಕೊಟ್ಟ ಬಿಸ್ಕತ್ ಪೊಟ್ಟಣವನ್ನು ತೆರೆಯದೆ ಹಾಗೇ ಇಟ್ಟುಕೊಂಡ. ಅದು ಯಾರಿಗೆ ಸೇರುತ್ತದೆ ಎಂದು ನನಗೆ ಅರ್ಥವಾಯಿತು. ಮೂರನೇ ವಾರ ಹೊಸದಾಗಿ ಬಂದ ಒಬ್ಬ ಚಿಕ್ಕ ಹುಡುಗ ಮೂಲೆಯಲ್ಲಿ ಅಳುತ್ತಾ ಕುಳಿತಿದ್ದ. ನಮ್ಮ ಹುಡುಗ ಅವನನ್ನು ನೋಡಿ ಬೇರೆಯವರ ಜೊತೆ ಸೇರಿ ನಗುತ್ತಿದ್ದ. ಅಲ್ಲಿದ್ದ ಸಿಬ್ಬಂದಿಯೊಬ್ಬರು ನನಗೆ, "ಈಗ ಅಡ್ಜಸ್ಟ್ ಆಗಿದ್ದಾನೆ ಸಿಸ್ಟರ್, ಏನೂ ತೊಂದರೆ ಇಲ್ಲ" ಅಂದರು.

ಅಡ್ಜಸ್ಟ್ ಆಗಿದ್ದ, ನಿಜ. ಯಾವುದಕ್ಕೆ ಹೊಂದಿಕೊಂಡ ಎಂಬುದನ್ನು ನಾವು ಕೇಳಿಕೊಳ್ಳಬೇಕು. ಮುಚ್ಚಿದ ಬಾಗಿಲಿನ ಒಳಗೆ ಎರಡು ಬಗೆಯ ನಿಯಮಗಳು ಒಟ್ಟಿಗೆ ನಡೆಯುತ್ತವೆ. ಒಂದು ಗೋಡೆಯ ಮೇಲೆ ಬರೆದ ನಿಯಮ: ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಪ್ರಾರ್ಥನೆ, ಯಾವಾಗ ಊಟ. ಇನ್ನೊಂದು ಮಲಗುವ ಹಾಲ್‌ನ ನಿಯಮ: ಯಾರ ಹತ್ತಿರ ಯಾರು ಮಲಗಬೇಕು, ಯಾರ ಬಟ್ಟೆ ಯಾರು ಒಗೆಯಬೇಕು, ಸಾರ್‌ಗೆ ಏನು ಹೇಳಬಾರದು. ಬರೆದ ನಿಯಮ ಮುರಿದರೆ ಬೈಗುಳ ಸಿಗುತ್ತದೆ. ಹಾಲ್‌ನ ನಿಯಮ ಮುರಿದರೆ ರಾತ್ರಿ ಏಟು ಬೀಳುತ್ತದೆ. ಹದಿನೈದು ವರ್ಷದ ಹುಡುಗ ಯಾವುದನ್ನು ಮೊದಲು ಕಲಿಯುತ್ತಾನೆ ಹೇಳಿ?

ಇದನ್ನು ಸಮಾಜಶಾಸ್ತ್ರಜ್ಞರು ಹಿಂದೆಯೇ ಬರೆದಿದ್ದಾರೆ. ಅಮೆರಿಕದ ಡೊನಾಲ್ಡ್ ಕ್ಲೆಮ್ಮರ್ 1940ರಲ್ಲಿ, ಕೈದಿ ನಿಧಾನವಾಗಿ ಜೈಲಿನ ಒಳಗಿನ ರೀತಿನೀತಿಗಳನ್ನೇ ತನ್ನದಾಗಿಸಿಕೊಳ್ಳುತ್ತಾನೆ ಎಂದು ತೋರಿಸಿದರು. ಅರ್ವಿಂಗ್ ಗಾಫ್‌ಮನ್ 1961ರ ತಮ್ಮ ಪುಸ್ತಕದಲ್ಲಿ, ಊಟ, ನಿದ್ದೆ, ಕೆಲಸ ಎಲ್ಲವೂ ಒಂದೇ ಕಡೆ ಒಂದೇ ಅಧಿಕಾರದ ಕೆಳಗೆ ನಡೆಯುವ ಸಂಸ್ಥೆಗಳಲ್ಲಿ ಮನುಷ್ಯ ತನ್ನತನವನ್ನು ಹೇಗೆ ಕಳೆದುಕೊಳ್ಳುತ್ತಾನೆ ಎಂದು ವಿವರಿಸಿದರು. ಎಂ.ಎಸ್.ಡಬ್ಲ್ಯು. ಓದುವಾಗ ಪರೀಕ್ಷೆಗೆಂದು ನಾನು ಇವುಗಳನ್ನು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಬಿಸ್ಕತ್ ಪೊಟ್ಟಣ ನೋಡಿದ ದಿನ.

ಜೊತೆಯವರ ನಗು

ದೊಡ್ಡವರಿಗಿಂತ ಹದಿಹರೆಯದವರ ಮೇಲೆ ಈ ಪ್ರಭಾವ ಹೆಚ್ಚು. ಮುಂದಾಲೋಚನೆ ಮಾಡುವ, ಆವೇಶವನ್ನು ತಡೆಯುವ ಮಿದುಳಿನ ಭಾಗ ಪೂರ್ತಿ ಬೆಳೆಯುವುದು ಇಪ್ಪತ್ತು ದಾಟಿದ ಮೇಲೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿಗಿಂತ ತುಂಬಾ ಹೆಚ್ಚು ಅಪಾಯ ತೆಗೆದುಕೊಂಡರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಥಾಮಸ್ ಡಿಶನ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಹುಡುಗರ ಮಾತುಕತೆಯನ್ನು ಚಿತ್ರೀಕರಿಸಿ ನೋಡಿದರು. ನಿಯಮ ಮುರಿದ ಕತೆ ಹೇಳಿದಾಗ ಜೊತೆಯವನು ನಗುತ್ತಾನೆ. ಆ ನಗುವೇ ಬಹುಮಾನ. ಬಹುಮಾನ ಸಿಕ್ಕ ಮಾತು ಮತ್ತೆ ಬರುತ್ತದೆ, ಆಮೇಲೆ ಮಾತು ಕೃತಿಗೆ ಇಳಿಯುತ್ತದೆ. ತೊಂದರೆಯಲ್ಲಿರುವ ಹುಡುಗರನ್ನು ಮಾತ್ರ ಒಂದೆಡೆ ಸೇರಿಸಿ ಒಳ್ಳೆಯ ಉದ್ದೇಶದಿಂದ ನಡೆಸಿದ ಕಾರ್ಯಕ್ರಮಗಳೂ ಕೆಲವೊಮ್ಮೆ ತಪ್ಪುಗಳನ್ನು ಹೆಚ್ಚಿಸಿದವು ಎಂದು ಅವರು 1999ರಲ್ಲಿ ಎಚ್ಚರಿಸಿದರು.

ಫ್ಲಾರಿಡಾ ರಾಜ್ಯದ 169 ಬಾಲಸುಧಾರಣಾ ಸಂಸ್ಥೆಗಳಲ್ಲಿದ್ದ 8,000ಕ್ಕೂ ಹೆಚ್ಚು ಮಕ್ಕಳ ದಾಖಲೆಗಳ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೊದಲೇ ಒಂದು ಬಗೆಯ ತಪ್ಪು ಮಾಡಿದ್ದ ಹುಡುಗ, ಅದೇ ಬಗೆಯ ತಪ್ಪು ಮಾಡಿದವರ ಜೊತೆ ಇದ್ದರೆ, ಹೊರಬಂದ ಮೇಲೆ ಅದನ್ನೇ ಮತ್ತೆ ಮಾಡುವ ಸಾಧ್ಯತೆ ಹೆಚ್ಚಾಗಿತ್ತು. ಪೂರ್ತಿ ಹೊಸ ತಪ್ಪನ್ನು ಕಲಿಯುವುದು ಅಷ್ಟಾಗಿ ಕಾಣಲಿಲ್ಲ. ಅಂದರೆ ಹಳೆ ಕಬ್ಬಿಣ ಕದ್ದವನು ಒಳಗೆ ಕೊಲೆಗಾರನಾಗುತ್ತಾನೆ ಎಂದು ಹೆದರಬೇಕಿಲ್ಲ. ಆದರೆ ಹೆಚ್ಚು ಜಾಣ ಕಳ್ಳನಾಗಿ ಬರಬಹುದು.

ನಮ್ಮ ಊರಿನ ಹುಡುಗರಿಗೆ ಇದರ ಮೇಲೆ ಇನ್ನೂ ಒಂದು ಹೊರೆ ಇದೆ. ಹೆಚ್ಚಿನವರ ಮನೆಮಾತು ತಮಿಳು. ಕನ್ನಡದಲ್ಲಿ ಮನಸ್ಸಿನ ಮಾತು ಹೇಳಿಕೊಳ್ಳಲು ತಡವರಿಸುತ್ತಾರೆ. ಸಿಬ್ಬಂದಿ ಅದನ್ನು ಮೊಂಡುತನ ಅಂದುಕೊಳ್ಳುತ್ತಾರೆ. 2018 ಮತ್ತು 2022ರ 'ಕೆ.ಜಿ.ಎಫ್.' ಚಿತ್ರಗಳು ಬಂದ ಮೇಲೆ ಊರಿನ ಹೆಸರು ಕೇಳಿದ ಕೂಡಲೇ "ರಾಕಿ ಬಂದ" ಎಂಬ ತಮಾಷೆ. ಹೆದರಿದ ಹುಡುಗನಿಗೆ ಆ ಹೆಸರು ಒಂದು ರಕ್ಷಣೆ ಆಗುತ್ತದೆ. ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳಬೇಕಾಗುತ್ತದೆ. ನಾಲ್ಕು ಜನರ ಮುಂದೆ ಅಳುವಂತಿಲ್ಲ, ಸೋಲುವಂತಿಲ್ಲ. ಮನೆಯಲ್ಲಿ ತಂಗಿಗೆ ಜಡೆ ಹಾಕುತ್ತಿದ್ದ ಹುಡುಗ ಅಲ್ಲಿ ತೋಳು ಮಡಚಿ ನಿಲ್ಲುತ್ತಾನೆ.

ಸುಮ್ಮನಿರುವವನು ಸುಧಾರಿಸಿದ್ದಾನೆಯೇ?

ಒಳಗೆ ಕಾಣುವ ನಡವಳಿಕೆಯನ್ನು ನಾವು ಎರಡು ರೀತಿಯಲ್ಲಿ ತಪ್ಪಾಗಿ ಓದುತ್ತೇವೆ. ಗಲಾಟೆ ಮಾಡುವವನನ್ನು ಹುಟ್ಟಾ ಒರಟ ಅನ್ನುತ್ತೇವೆ. ಅವನು ಹೆದರಿಕೆಯನ್ನು ಮುಚ್ಚಿಕೊಳ್ಳಲು ಹಾಗೆ ಮಾಡುತ್ತಿರಬಹುದು. ತಲೆ ತಗ್ಗಿಸಿ ಸುಮ್ಮನಿರುವವನನ್ನು ಸುಧಾರಿಸಿದ್ದಾನೆ ಅನ್ನುತ್ತೇವೆ. ಅವನು ಖಿನ್ನತೆಯಲ್ಲಿರಬಹುದು, ಅಥವಾ ದಿನ ಎಣಿಸುತ್ತಾ ನಟಿಸುತ್ತಿರಬಹುದು. ನಿದ್ದೆ ಬಾರದಿರುವುದು, ಹಾಸಿಗೆಯಲ್ಲಿ ಮೂತ್ರ ಹೋಗುವುದು, ಕೈ ಕೊಯ್ದುಕೊಳ್ಳುವುದು, ಊಟ ಬಿಡುವುದು, ಇವೆಲ್ಲ ಸಂಕಟದ ಗುರುತುಗಳು. ಶಿಸ್ತಿನ ಸಮಸ್ಯೆ ಎಂದು ಶಿಕ್ಷಿಸಿದರೆ ಸಂಕಟ ಇನ್ನೂ ಒಳಕ್ಕೆ ಇಳಿಯುತ್ತದೆ.

ಖಾಲಿ ಸಮಯವೂ ದೊಡ್ಡ ಕಾರಣ. ಪಾಠ ಇಲ್ಲ, ಕೆಲಸ ಇಲ್ಲ, ಆಟ ಅರ್ಧ ಗಂಟೆ, ಉಳಿದದ್ದು ಟಿ.ವಿ. ಎಂದಾದರೆ ಮಿಕ್ಕ ಹೊತ್ತನ್ನು ತುಂಬುವವನು ಹಾಲ್‌ನ ನಾಯಕ. ಸಿಬ್ಬಂದಿ ಕಡಿಮೆ ಇದ್ದಾಗ ಅವರೂ ಅದೇ ನಾಯಕನ ಮೂಲಕ ಹುಡುಗರನ್ನು ಹಿಡಿತದಲ್ಲಿಡುತ್ತಾರೆ. ಕೆಲಸ ಸುಲಭವಾಗುತ್ತದೆ. ಆದರೆ ಬಲ ಇದ್ದವನದ್ದೇ ನ್ಯಾಯ ಎಂಬ ಪಾಠಕ್ಕೆ ಸಂಸ್ಥೆಯೇ ಮುದ್ರೆ ಒತ್ತಿದಂತಾಗುತ್ತದೆ. ನಾನು ಸಿಬ್ಬಂದಿಯನ್ನು ದೂರುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಅಷ್ಟು ಹುಡುಗರನ್ನು ಕಾಯುವ ಕಷ್ಟ ನಾನು ಕಣ್ಣಾರೆ ಕಂಡಿದ್ದೇನೆ.

ವಾತಾವರಣ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ

ಇದು ನಿರಾಶೆಯ ಮಾತಲ್ಲ. ವಾತಾವರಣದಿಂದ ಕೆಡುವ ಹುಡುಗ ವಾತಾವರಣದಿಂದಲೇ ಸುಧಾರಿಸುತ್ತಾನೆ ಕೂಡ. ಇನ್ನೊಂದು ವೀಕ್ಷಣಾಲಯದಲ್ಲಿ ಒಬ್ಬ ಗೃಹಪಾಲಕರು ಮಾಡಿದ್ದು ಎರಡೇ ಕೆಲಸ. ರಾತ್ರಿ ಊಟಕ್ಕೆ ಹುಡುಗರ ಪಂಕ್ತಿಯಲ್ಲೇ ಕುಳಿತರು. ಹೊಸ ಹುಡುಗ ಬಂದ ದಿನ ತಾವು ಮಲಗುವ ಜಾಗದ ಪಕ್ಕದಲ್ಲೇ ಅವನಿಗೆ ಹಾಸಿಗೆ ಹಾಕಿಸಿದರು. ಅಲ್ಲಿ ಬಿಸ್ಕತ್ ಪೊಟ್ಟಣಗಳನ್ನು ಹುಡುಗರು ನನ್ನ ಮುಂದೆಯೇ ತೆರೆಯುತ್ತಿದ್ದರು.

ಕಾಯ್ದೆಯೂ ಇದನ್ನೇ ಬಯಸುತ್ತದೆ. 47ನೇ ಕಲಂ ಪ್ರಕಾರ ವಯಸ್ಸು, ಲಿಂಗ, ದೈಹಿಕ ಮತ್ತು ಮಾನಸಿಕ ಸ್ಥಿತಿ, ಅಪರಾಧದ ಸ್ವರೂಪ ನೋಡಿ ಮಕ್ಕಳನ್ನು ಬೇರೆ ಬೇರೆಯಾಗಿ ಇಡಬೇಕು. 53ನೇ ಕಲಂ ಶಿಕ್ಷಣ, ಕೌಶಲ್ಯ ತರಬೇತಿ, ಆಟ, ಮಾನಸಿಕ ಆರೋಗ್ಯ ಸೇವೆ ಇರಬೇಕೆನ್ನುತ್ತದೆ. ಮಕ್ಕಳ ಸಮಿತಿ ರಚಿಸಬೇಕೆಂದೂ ಹೇಳುತ್ತದೆ. ಮಕ್ಕಳ ಸಮಿತಿ ನಿಜವಾಗಿ ನಡೆದರೆ ದೂರು ಹೇಳಲು ಹಾಲ್‌ನ ನಾಯಕ ಬೇಕಾಗುವುದಿಲ್ಲ. ಅಮೆರಿಕದ ಮಿಸೌರಿ ರಾಜ್ಯ ತನ್ನ ದೊಡ್ಡ ಸುಧಾರಣಾ ಶಾಲೆಗಳನ್ನು ಮುಚ್ಚಿ, ಮನೆಗೆ ಹತ್ತಿರವಿರುವ ಸಣ್ಣ ಗೃಹಗಳಲ್ಲಿ ಹತ್ತು ಹನ್ನೆರಡು ಮಕ್ಕಳ ಗುಂಪುಗಳನ್ನು ಮಾಡಿತು. ಅದನ್ನು ನೋಡಿ ಕಲಿಯಲು ಬೇರೆ ರಾಜ್ಯಗಳವರೂ ಹೋದರು. 1841ರಲ್ಲಿ ಗುರುದೀಕ್ಷೆ ಪಡೆದ ಸಂತ ಜಾನ್ ಬೋಸ್ಕೊ ಟ್ಯೂರಿನ್ ನಗರದ ಸೆರೆಮನೆಗಳಿಗೆ ಹೋದಾಗ ಕಂಡುಕೊಂಡದ್ದೂ ಇದೇ: ಬಿಡುಗಡೆಯಾದ ಹುಡುಗರು ಮತ್ತೆ ಅಲ್ಲಿಗೇ ಬರುತ್ತಿದ್ದರು, ಹೊರಗೆ ಅವರನ್ನು ತಮ್ಮವರೆನ್ನುವ ಒಬ್ಬ ಸ್ನೇಹಿತನೂ ಇರಲಿಲ್ಲ.

ಹೊರಬಂದ ಮೇಲೆ

ಶಿಕಾಗೋ ನಗರದ ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವನ್ನೂ ಹೇಳಬೇಕು. ಪ್ರಕರಣಗಳು ಯಾವ ನ್ಯಾಯಾಧೀಶರ ಮುಂದೆ ಬರುತ್ತವೆ ಎಂಬುದು ಅಲ್ಲಿ ಹೆಚ್ಚುಕಡಿಮೆ ಚೀಟಿ ಎತ್ತಿದಂತೆ. ಕೆಲವರು ಬೇಗ ಒಳಗೆ ಕಳುಹಿಸುತ್ತಾರೆ, ಕೆಲವರು ಇಲ್ಲ. ಹಾಗಾಗಿ ಒಂದೇ ತರಹದ ಮಕ್ಕಳನ್ನು ಹೋಲಿಸಲು ಸಾಧ್ಯವಾಯಿತು. ಒಳಗೆ ಹೋದವರು ಶಾಲೆ ಮುಗಿಸುವುದು ಕಡಿಮೆಯಾಗಿತ್ತು, ದೊಡ್ಡವರಾದ ಮೇಲೆ ಜೈಲಿಗೆ ಹೋಗುವುದು ಹೆಚ್ಚಾಗಿತ್ತು. ಮುಖ್ಯ ಕಾರಣಗಳಲ್ಲಿ ಒಂದು, ಸ್ವಲ್ಪ ಕಾಲವೇ ಒಳಗಿದ್ದರೂ ಎಷ್ಟೋ ಮಕ್ಕಳು ಮತ್ತೆ ಶಾಲೆಗೆ ಮರಳಲಿಲ್ಲ. ಒಂದು ತಿಂಗಳು ಅಂದರೆ ನಮಗೆ ಸಣ್ಣದು. ಒಂಬತ್ತನೇ ತರಗತಿಯ ಹುಡುಗನಿಗೆ ಅದು ಒಂದು ಪರೀಕ್ಷೆ, ಒಂದು ಗೆಳೆಯರ ಬಳಗ, ಹಾಜರಿ ಪುಸ್ತಕದಲ್ಲಿ ಒಂದು ಹೆಸರು.

2020ರ ಏಪ್ರಿಲ್‌ನಲ್ಲಿ ಕೋವಿಡ್ ಸಮಯದಲ್ಲಿ ಸುಪ್ರೀಂ ಕೋರ್ಟ್, ವೀಕ್ಷಣಾಲಯಗಳಲ್ಲಿರುವ ಮಕ್ಕಳನ್ನು ಜಾಮೀನಿನ ಮೇಲೆ ಬಿಡುವುದನ್ನು ಪರಿಗಣಿಸಬೇಕೆಂದು ಮಂಡಳಿಗಳಿಗೆ ನಿರ್ದೇಶನ ಕೊಟ್ಟಿತ್ತು. ಆರೋಗ್ಯಕ್ಕಾಗಿ ಮಕ್ಕಳನ್ನು ಮನೆಗೆ ಕಳುಹಿಸಬಹುದಾದರೆ, ಅವರ ನಡತೆಯ ಹಿತಕ್ಕಾಗಿಯೂ ಕಳುಹಿಸಬಹುದಲ್ಲವೇ?

ನಾವು ಏನು ಮಾಡಬಹುದು?

1. ಮಗ ಸಿಕ್ಕಿಬಿದ್ದರೆ ಮೊದಲ ದಿನವೇ ಮಂಡಳಿಗೆ ಹೋಗಿ. ಆಧಾರ್, ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಜೊತೆಗಿರಲಿ. ವಯಸ್ಸು ಸಾಬೀತಾಗುವುದು ಮುಖ್ಯ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತಾರೆ.

2. ಜಾಮೀನು ಬೇಡ ಅನ್ನಬೇಡಿ. ಹಗಲು ನೋಡಿಕೊಳ್ಳುವವರಿಲ್ಲ ಅನ್ನುವುದೇ ಚಿಂತೆಯಾದರೆ ಅದನ್ನು ಪರಿವೀಕ್ಷಣಾಧಿಕಾರಿಗೆ ಬಿಚ್ಚಿ ಹೇಳಿ. ಮನೆಯ ಪರಿಸ್ಥಿತಿಯ ವರದಿ ಬರೆಯುವವರು ಅವರೇ. ಅಜ್ಜಿಯ ಮನೆ, ಚಿಕ್ಕಪ್ಪನ ಮನೆ, ಹಗಲಿನ ಟ್ಯೂಷನ್ ಕೇಂದ್ರ, ಏನಾದರೂ ದಾರಿ ಹುಡುಕಬಹುದು.

3. ಜಾಮೀನು ಸಿಗದಿದ್ದರೆ ತಪ್ಪದೆ ಭೇಟಿಗೆ ಹೋಗಿ. ಒಂದು ದಿನದ ಕೂಲಿ ಹೋಗುತ್ತದೆ, ಗೊತ್ತು. ಆದರೆ ಭೇಟಿಗೆ ಯಾರೂ ಬಾರದ ಹುಡುಗ ಯಾರು ಎಂಬುದು ಹಾಲ್‌ನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಮೊದಲು ಏಟು ತಿನ್ನುವವನು ಅವನೇ. ಭೇಟಿಯಲ್ಲಿ ಬೈಯುವುದನ್ನು ಸ್ವಲ್ಪ ತಡೆದುಕೊಳ್ಳಿ. ರಾತ್ರಿ ನಿದ್ದೆ ಬರುತ್ತಾ, ಯಾರ ಪಕ್ಕ ಮಲಗುತ್ತೀಯ ಅಂತ ಕೇಳಿ. ಮೈಮೇಲೆ ಗಾಯ ಕಂಡರೆ ಅಧೀಕ್ಷಕರಿಗೂ ಮಂಡಳಿಗೂ ತಿಳಿಸಿ. 1098ಕ್ಕೂ ಕರೆ ಮಾಡಬಹುದು.

4. ಶಿಕ್ಷಕರಲ್ಲಿ ಒಂದು ಬೇಡಿಕೆ: ಹೆಸರು ಹೊಡೆಯಬೇಡಿ. 24ನೇ ಕಲಂ ಪ್ರಕಾರ ಸಾಮಾನ್ಯವಾಗಿ ಇಂಥ ಪ್ರಕರಣದಿಂದ ಮಗುವಿನ ಮುಂದಿನ ಜೀವನಕ್ಕೆ ಯಾವ ಅನರ್ಹತೆಯೂ ಅಂಟಬಾರದು. ಕಾನೂನು ಅಳಿಸಿದ್ದನ್ನು ಶಾಲೆ ಮತ್ತೆ ಬರೆಯುವುದು ಸರಿಯಲ್ಲ.

5. ಧರ್ಮಕೇಂದ್ರದ ಯುವಕರು, ಸ್ವಸಹಾಯ ಸಂಘದ ತಾಯಂದಿರು ಅನುಮತಿ ಪಡೆದು ವೀಕ್ಷಣಾಲಯಕ್ಕೆ ಹೋಗಬಹುದು. ಕ್ರಿಸ್ಮಸ್ ಕೇಕ್ ಕೊಟ್ಟು ಫೋಟೋ ತೆಗೆಸಿಕೊಂಡು ಬರುವುದಕ್ಕಿಂತ, ವಾರಕ್ಕೊಮ್ಮೆ ಗಣಿತ ಹೇಳಿಕೊಡುವುದು ಅಥವಾ ಕೇರಂ ಆಡುವುದು ಹೆಚ್ಚು ಉಪಯೋಗ. ತಮಿಳು ಬಲ್ಲವರು ಹೋದರೆ ಇನ್ನೂ ಒಳ್ಳೆಯದು.

6. ಮನೆಗೆ ಬಂದ ಹುಡುಗನನ್ನು ಲೈನ್‌ನಲ್ಲಿ "ಜೈಲಿಗೆ ಹೋಗಿ ಬಂದವನು" ಅನ್ನಬೇಡಿ. ಅವನು ಹೋದದ್ದು ಜೈಲಿಗಲ್ಲ. ಹಾಗೆ ಕರೆದರೆ, ಅವನನ್ನು ಮರ್ಯಾದೆಯಿಂದ ಕಾಣುವವರು ಒಳಗೆ ಸಿಕ್ಕ ಗೆಳೆಯರು ಮಾತ್ರ ಆಗಿಬಿಡುತ್ತಾರೆ.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇನೆ. ಮೂರನೇ ವಾರದ ಭೇಟಿಯಲ್ಲಿ ಮಗ ಹೊಸ ಹುಡುಗನನ್ನು ನೋಡಿ ನಗುತ್ತಿದ್ದುದನ್ನು ಆಕೆಯೂ ನೋಡಿದ್ದರು. ಬಸ್‌ನಲ್ಲಿ ಬರುವಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವನು ಹಾಗೆ ನಗೋ ಹುಡುಗ ಅಲ್ಲ ಸಿಸ್ಟರ್" ಅಂದರು. ಮುಂದಿನ ದಿನಾಂಕಕ್ಕೆ ಜಾಮೀನಿಗೆ ಸಹಿ ಹಾಕಿದರು. ಹಗಲು ಹೊತ್ತು ಹುಡುಗ ಬಂಗಾರಪೇಟೆಯಲ್ಲಿ ಅಜ್ಜಿಯ ಮನೆಯಲ್ಲಿ ಇರುವುದೆಂದು ವ್ಯವಸ್ಥೆಯಾಯಿತು. ಮೊದಲ ಎರಡು ತಿಂಗಳು ಕಷ್ಟವೇ. ಸಣ್ಣದಕ್ಕೂ ರೇಗುತ್ತಿದ್ದ, ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಮುಂದೆ ಖಾಸಗಿಯಾಗಿ ಹತ್ತನೇ ತರಗತಿ ಪರೀಕ್ಷೆ ಕಟ್ಟಿದ. ಗಣಿತದಲ್ಲಿ ಫೇಲಾದ. ಮತ್ತೆ ಕಟ್ಟಿದ್ದಾನೆ. ಶನಿವಾರ ನಮ್ಮ ಕೇಂದ್ರಕ್ಕೆ ಲೆಕ್ಕ ಕಲಿಯಲು ಬರುತ್ತಾನೆ. ಗಣಿತ ಚೆನ್ನಾಗಿ ಬಲ್ಲ ಯಾರಾದರೂ ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳುವುದಾದರೆ ದಯವಿಟ್ಟು ಬನ್ನಿ. ಅವನಂಥವರು ಇನ್ನೂ ಮೂವರು ಇದ್ದಾರೆ.